ನಿಮಗಿದು ಗೊತ್ತೇ? ವಿಶ್ವಕಪ್ ಆಡದ ಗೋಲು ಸರದಾರ

● ವಿಶ್ವಕಪ್ ಫುಟ್‌ಬಾಲ್‌ನ ಅರ್ಹತಾ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯ ತುದಿಯಲ್ಲಿ 2016ರಿಂದ 2025ರವರೆಗೆ ಇದ್ದ ಹೆಸರು ಮೆಸ್ಸಿಯದ್ದಲ್ಲ, ರೊನಾಲ್ಡೊದ್ದೂ ಅಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾ ಎಂಬ ಪುಟ್ಟ ದೇಶದ ಸ್ಟ್ರೈಕರ್ ಕಾರ್ಲೋಸ್ ರೂಯಿಸ್ ಅವರದ್ದು. 47 ಪಂದ್ಯ, 39 ಗೋಲು.

● ಹಾಗಿದ್ದೂ ರೂಯಿಸ್ ವಿಶ್ವಕಪ್‌ನಲ್ಲಿ ಒಂದೇ ಒಂದು ನಿಮಿಷ ಆಡಿಲ್ಲ. 2002, 2006, 2010, 2014, 2018 – ಐದು ವಿಶ್ವಕಪ್‌ಗಳ ಅರ್ಹತಾ ಸುತ್ತಿನಲ್ಲಿ ಅವರು ಬೆವರು ಹರಿಸಿದರು. ಐದು ಸಲವೂ ತಂಡ ಬಾಗಿಲ ಹೊರಗೇ ಉಳಿಯಿತು. ಅದರಲ್ಲಿ ನಾಲ್ಕು ಸಲ ಮುಂದಿನ ಹಂತದ ಹೊಸ್ತಿಲಿಗೆ ಕೈತಾಕುವಷ್ಟು ಹತ್ತಿರ ಬಂದು ವಾಪಸಾಯಿತು. ಆ ಕಥೆ ಮುಂದೆ ವಿವರವಾಗಿಯೇ ಬರುತ್ತದೆ.

● ಗ್ವಾಟೆಮಾಲಾ ಎಂಬ ಹೆಸರು ನಮ್ಮ ಮಲೆನಾಡಿಗೆ ಹೊಸದಲ್ಲ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಏಲಕ್ಕಿ ಬೆಳೆಗಾರರನ್ನು ಕೇಳಿ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆದು ರಫ್ತು ಮಾಡುವ ದೇಶ ಅದೇ. ಅಲ್ಲಿ ಬೆಳೆ ಚೆನ್ನಾಗಿ ಬಂತೆಂದರೆ ಇಲ್ಲಿ ದರ ಇಳಿಯುತ್ತದೆ. ಭಾರತದ ಈ ಬೆಳೆಯನ್ನು ಅಲ್ಲಿನ ಆಲ್ಟಾ ವೆರಾಪಾಸ್ ಗುಡ್ಡಗಾಡಿಗೆ ಪರಿಚಯಿಸಿದ್ದು ಜರ್ಮನ್ ತೋಟದ ಮಾಲೀಕರು, ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅಲ್ಲಿನ ಜನ ಏಲಕ್ಕಿಯನ್ನು ಅಡುಗೆಗೆ ಬಳಸುವುದು ತೀರಾ ಕಡಿಮೆ. ಬೆಳೆದದ್ದರಲ್ಲಿ ದೊಡ್ಡ ಪಾಲು ಕೊಲ್ಲಿ ರಾಷ್ಟ್ರಗಳ ಕಾಫಿಗೆ ಹೋಗುತ್ತದೆ.

● ದೇಶದ ವಿಸ್ತೀರ್ಣ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

● ರೂಯಿಸ್ ಹುಟ್ಟಿದ್ದು 1979ರ ಸೆಪ್ಟೆಂಬರ್ 15ರಂದು, ರಾಜಧಾನಿ ಗ್ವಾಟೆಮಾಲಾ ಸಿಟಿಯಲ್ಲಿ. ನಮಗೆ ಅದು ವಿಶ್ವೇಶ್ವರಯ್ಯನವರ ಜನ್ಮದಿನ. ಗ್ವಾಟೆಮಾಲಾಗೆ ಅದು ಸ್ವಾತಂತ್ರ್ಯ ದಿನ. ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ದೇಶಗಳಿಗೂ ಅದೇ ದಿನ. 1821ರಲ್ಲಿ ಐದೂ ಸ್ಪೇನ್‌ನ ಹಿಡಿತದಿಂದ ಒಟ್ಟಿಗೇ ಬಿಡುಗಡೆ ಹೊಂದಿದವು.

● ಅವರು ಹುಟ್ಟುವ ಹೊತ್ತಿಗೆ ದೇಶದಲ್ಲಿ ಅಂತರ್ಯುದ್ಧ ಆರಂಭವಾಗಿ ಹತ್ತೊಂಬತ್ತು ವರ್ಷ ಆಗುತ್ತ ಬಂದಿತ್ತು. ಅದು ಮುಗಿದದ್ದು 1996ರ ಡಿಸೆಂಬರ್‌ನಲ್ಲಿ, ರೂಯಿಸ್‌ಗೆ ಹದಿನೇಳು ತುಂಬಿದ ಮೇಲೆ. ಅದೇ ವರ್ಷದ ಅಕ್ಟೋಬರ್ 16ರಂದು ರಾಜಧಾನಿಯ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕೋಸ್ಟರಿಕಾ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಮೊದಲು ಕಾಲ್ತುಳಿತವಾಗಿ 80ಕ್ಕೂ ಹೆಚ್ಚು ಜನ ಸತ್ತರು. ಮಕ್ಕಳೂ ಅವರಲ್ಲಿದ್ದರು. ರೂಯಿಸ್ ಮುಂದೆ ತಮ್ಮ ದೊಡ್ಡ ಗೋಲುಗಳನ್ನು ಹೊಡೆದದ್ದು ಇದೇ ಮೈದಾನದಲ್ಲಿ.

● ಆ ಕ್ರೀಡಾಂಗಣಕ್ಕೆ ಫುಟ್‌ಬಾಲ್ ಆಟಗಾರನ ಹೆಸರಿಲ್ಲ. 1952ರ ಬಾಸ್ಟನ್ ಮ್ಯಾರಥಾನ್ ಗೆದ್ದ ಮಾಯಾ ಸಮುದಾಯದ ಓಟಗಾರ ಡೊರೊಟಿಯೊ ಗ್ವಾಮುಚ್ ಫ್ಲೋರೆಸ್ ಅವರ ಹೆಸರಿದೆ.

● ಅಭಿಮಾನಿಗಳ ಬಾಯಲ್ಲಿ ರೂಯಿಸ್ 'ಪೆಸ್ಕಾಡಿಟೊ', ಅಂದರೆ ಮರಿಮೀನು. ಬೆಳೆದದ್ದು ರಾಜಧಾನಿಯ ಕೆಂಪಂಗಿ ಕ್ಲಬ್ ಮುನಿಸಿಪಲ್‌ನಲ್ಲಿ. ಅಲ್ಲಿ ಅವರ ಹಿರಿಯ ಜೊತೆಗಾರ ಹುವಾನ್ ಕಾರ್ಲೋಸ್ ಪ್ಲಾಟಾ. ಈ ಪ್ಲಾಟಾ ಒಂದೇ ಕ್ಲಬ್ ಪರ 400ಕ್ಕೂ ಹೆಚ್ಚು ಗೋಲು ಹೊಡೆದವರು. ಯುರೋಪಿನಲ್ಲಿ ಆಡಿದ್ದರೆ ಅವರ ಬಗ್ಗೆಯೇ ಪುಸ್ತಕಗಳು ಬರುತ್ತಿದ್ದವು. ಹುಡುಗ ರೂಯಿಸ್‌ಗೆ ಪೆನಾಲ್ಟಿ ಪೆಟ್ಟಿಗೆಯೊಳಗೆ ಎಲ್ಲಿ ನಿಲ್ಲಬೇಕು, ಯಾವಾಗ ಕದಲಬೇಕು ಎಂಬುದನ್ನು ಹತ್ತಿರದಿಂದ ನೋಡಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಮಧ್ಯ ಅಮೆರಿಕದಲ್ಲಿ ಇರಲಿಲ್ಲ. ರಾಷ್ಟ್ರೀಯ ತಂಡದ ಪರ ಪ್ಲಾಟಾ ಹೊಡೆದಿದ್ದ 35 ಗೋಲುಗಳ ದಾಖಲೆಯನ್ನು ಮುಂದೆ ಮುರಿದದ್ದೂ ರೂಯಿಸ್ ಅವರೇ.

● 2002ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅಲ್ಲಿನ ಮೇಜರ್ ಲೀಗ್ ಸಾಕರ್ (ಎಂಎಲ್‌ಎಸ್) ಆಗ ಉಸಿರು ಹಿಡಿದುಕೊಂಡಿತ್ತು. ಆ ವರ್ಷದ ಜನವರಿಯಲ್ಲೇ ಎರಡು ತಂಡ ಮುಚ್ಚಿ, ಉಳಿದಿದ್ದು ಹತ್ತೇ ತಂಡ. ಲಾಸ್ ಏಂಜಲೀಸ್ ಗ್ಯಾಲಕ್ಸಿಗೆ ಸೇರಿದ ರೂಯಿಸ್ ಮೊದಲ ಋತುವಿನಲ್ಲೇ 24 ಗೋಲು ಹೊಡೆದು ಅತಿ ಹೆಚ್ಚು ಗೋಲಿನ ಪ್ರಶಸ್ತಿಯನ್ನೂ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಬಾಚಿಕೊಂಡರು.

● ಅದರ ಹಿಂದಿನ ವರ್ಷ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದವರೂ ಮಧ್ಯ ಅಮೆರಿಕದವರೇ: ಹೊಂಡುರಾಸ್‌ನ ಅಲೆಕ್ಸ್ ಪಿನೆಡಾ ಚಾಕೋನ್.

● ಗ್ವಾಟೆಮಾಲಾದಿಂದ ವಲಸೆ ಹೋದವರು ಅಮೆರಿಕದಲ್ಲಿ ಅತಿ ಹೆಚ್ಚು ನೆಲೆಸಿರುವ ನಗರ ಲಾಸ್ ಏಂಜಲೀಸ್. ಹೋಟೆಲಿನ ಅಡುಗೆಮನೆ, ಹೊಲಿಗೆ ಕಾರ್ಖಾನೆ, ಕಟ್ಟಡದ ಕೆಲಸ ಅಂತ ದುಡಿಯುತ್ತಿದ್ದ ಆ ಜನರಿಗೆ ತಮ್ಮ ಊರಿನ ಹುಡುಗ ಇಡೀ ಲೀಗ್‌ನಲ್ಲೇ ಮೊದಲಿಗನಾಗಿದ್ದು ಎಂಥ ಹೆಮ್ಮೆ ತಂದಿರಬೇಕು ಎಂಬುದನ್ನು ಹೊರನಾಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

● ಆ ವರ್ಷದ ಫೈನಲ್ ಬಗ್ಗೆ ನಾಲ್ಕು ಮಾತು ಹೆಚ್ಚೇ ಬರೆಯಬೇಕು. 2002ರ ಅಕ್ಟೋಬರ್ 20, ಬಾಸ್ಟನ್ ಸಮೀಪದ ಫಾಕ್ಸ್‌ಬರೊ. ಮೈದಾನದಲ್ಲಿ 61,316 ಜನ, ಬಹುಪಾಲು ಎದುರಾಳಿ ನ್ಯೂ ಇಂಗ್ಲೆಂಡ್ ರೆವಲ್ಯೂಷನ್ ಕಡೆಯವರು. ಫೈನಲ್ ನಡೆದದ್ದು ಆ ತಂಡದ ತವರಿನಲ್ಲೇ. ಗ್ಯಾಲಕ್ಸಿ ಅದಕ್ಕೆ ಮೊದಲು 1996, 1999, 2001ರಲ್ಲಿ ಮೂರು ಫೈನಲ್ ಆಡಿ ಮೂರನ್ನೂ ಸೋತಿತ್ತು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಗೆ 'ಗೋಲ್ಡನ್ ಗೋಲ್' ನಿಯಮ: ಮೊದಲು ಹೊಡೆದವರೇ ಚಾಂಪಿಯನ್, ಆಟ ಅಲ್ಲಿಗೇ ಬಂದ್. ರೆವಲ್ಯೂಷನ್‌ನ ವಿನ್‌ಸ್ಟನ್ ಗ್ರಿಫಿತ್ಸ್ ಒದ್ದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಹೊರಗೆ ಸಿಡಿಯಿತು. ಅದಾದ ಸ್ವಲ್ಪ ಹೊತ್ತಿಗೆ, 113ನೇ ನಿಮಿಷದಲ್ಲಿ, ಟೈರೋನ್ ಮಾರ್ಷಲ್ ಕೊಟ್ಟ ಪಾಸ್ ರೂಯಿಸ್ ಕಾಲಿಗೆ ಬಂತು. ಒಂದೇ ಹೊಡೆತ. ಗ್ಯಾಲಕ್ಸಿಯ ಮೊದಲ ಎಂಎಲ್‌ಎಸ್ ಕಪ್ ಅದು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ರೂಯಿಸ್‌ಗೇ ಸಂದಿತು.

● ನೂರ ಹನ್ನೆರಡು ನಿಮಿಷ ಏನೂ ಸಿಗದೆ ಓಡಾಡಿ, ನೂರ ಹದಿಮೂರನೇ ನಿಮಿಷದಲ್ಲಿ ಸಿಕ್ಕ ಒಂದು ಅವಕಾಶವನ್ನು ಕೈಬಿಡದಿರುವುದು – ಸ್ಟ್ರೈಕರ್ ಕೆಲಸದ ತಿರುಳು ಇದೇ. ವೇಗದಲ್ಲಿ, ಎತ್ತರದಲ್ಲಿ, ಚೆಂಡಿನ ಮೇಲಿನ ಹಿಡಿತದಲ್ಲಿ ಅವರಿಗಿಂತ ಮೇಲಿನವರು ಅದೇ ಲೀಗ್‌ನಲ್ಲಿ ಹಲವರಿದ್ದರು. ಈ ತಾಳ್ಮೆಯಲ್ಲಿ ಅವರನ್ನು ಮೀರಿಸಿದವರು ಕಡಿಮೆ.

● ಮರುವರ್ಷವೂ 15 ಗೋಲು. ರೆವಲ್ಯೂಷನ್‌ನ ಟೇಲರ್ ಟ್ವೆಲ್‌ಮನ್ ಕೂಡ ಅಷ್ಟೇ ಹೊಡೆದಿದ್ದರು. 2003ರ ಜೂನ್‌ನಲ್ಲಿ ಗ್ಯಾಲಕ್ಸಿಗಾಗಿಯೇ ಕಾರ್ಸನ್‌ನಲ್ಲಿ ಕಟ್ಟಿದ ಹೊಸ ಕ್ರೀಡಾಂಗಣ ತೆರೆದಾಗ, ಅಲ್ಲಿನ ಮೊದಲ ಗೋಲು ರೂಯಿಸ್ ಅವರದ್ದು. ಮುಂದೆ ಡೇವಿಡ್ ಬೆಕಮ್ ಬಂದು ಆಡಿದ್ದು ಇದೇ ಮೈದಾನದಲ್ಲಿ.

● ಇಷ್ಟೆಲ್ಲ ಮಾಡಿದ ಆಟಗಾರನನ್ನು ಕ್ಲಬ್ ಸರದಿ ಸಾಲಿನ ಒಂದು ಜಾಗಕ್ಕಾಗಿ ಬಿಟ್ಟುಕೊಟ್ಟಿತು ಎಂದರೆ ನಂಬುತ್ತೀರಾ? ಅಮೆರಿಕದ ಲೀಗ್‌ನಲ್ಲಿ ಆಟಗಾರರು ಕರಾರು ಮಾಡಿಕೊಳ್ಳುವುದು ಕ್ಲಬ್ ಜೊತೆಗಲ್ಲ, ಲೀಗ್ ಜೊತೆಗೆ. ವಿದೇಶದಿಂದ ವಾಪಸ್ ಬರುವ ಅಮೆರಿಕದ ದೊಡ್ಡ ಆಟಗಾರರನ್ನು ಪಡೆಯಲು ಕ್ಲಬ್‌ಗಳಿಗೆ ಆಗ ಒಂದು ಸರದಿ ಪಟ್ಟಿ ಇತ್ತು. 2005ರಲ್ಲಿ ಜರ್ಮನಿಯ ಲೆವರ್‌ಕುಸನ್‌ನಿಂದ ಲ್ಯಾಂಡನ್ ಡೊನೊವನ್ ಮರಳುವ ಸೂಚನೆ ಸಿಕ್ಕಿತು. ಪಟ್ಟಿಯ ಮೊದಲ ಸ್ಥಾನ ಡಲ್ಲಾಸ್ ತಂಡದ ಕೈಲಿತ್ತು. ಗ್ಯಾಲಕ್ಸಿ ರೂಯಿಸ್‌ರನ್ನು ಡಲ್ಲಾಸ್‌ಗೆ ಕೊಟ್ಟು ಆ ಮೊದಲ ಸ್ಥಾನ ಪಡೆಯಿತು, ಡೊನೊವನ್‌ರನ್ನು ತಂದಿತು. ವ್ಯಾಪಾರದ ಲೆಕ್ಕದಲ್ಲಿ ಗ್ಯಾಲಕ್ಸಿಗೆ ಲಾಭವೇ ಆಯಿತು, ಡೊನೊವನ್ ಆ ಕ್ಲಬ್‌ನ ದಂತಕಥೆಯಾದರು. ಆದರೂ ಮೊದಲ ಕಪ್ ಗೆದ್ದುಕೊಟ್ಟವರನ್ನು ಹೀಗೆ ಕಳಿಸಿದ್ದು ನನಗೆ ಇವತ್ತಿಗೂ ಸರಿ ಎನಿಸಿಲ್ಲ.

● ಮೂರು ವರ್ಷ ಡಲ್ಲಾಸ್‌ನಲ್ಲಿ 31 ಲೀಗ್ ಗೋಲು ಹೊಡೆದು ರೂಯಿಸ್ 2008ರಲ್ಲಿ ಗ್ಯಾಲಕ್ಸಿಗೇ ಮರಳಿದರು. ಬೆಕಮ್, ಡೊನೊವನ್, ರೂಯಿಸ್ ಒಂದೇ ತಂಡದಲ್ಲಿ. ಕಾಗದದ ಮೇಲೆ ಅದ್ಭುತ ತಂಡ. ಆದರೆ ಗಾಯ ಕಾಡಿತು, ಸಿಕ್ಕಿದ್ದು ಒಂದೇ ಲೀಗ್ ಗೋಲು. ಋತುವಿನ ನಡುವೆಯೇ ಅವರನ್ನು ಟೊರಾಂಟೊಗೆ ಕಳಿಸಲಾಯಿತು.

● ಆರು ದೇಶಗಳ ಕ್ಲಬ್‌ಗಳಲ್ಲಿ ಅವರು ಆಡಿದ್ದಾರೆ: ಗ್ವಾಟೆಮಾಲಾ, ಅಮೆರಿಕ, ಕೆನಡಾ, ಪರಗ್ವೆ, ಮೆಕ್ಸಿಕೊ, ಗ್ರೀಸ್. ಪರಗ್ವೆಯಲ್ಲಿ ಒಲಿಂಪಿಯಾ, ಮೆಕ್ಸಿಕೊದಲ್ಲಿ ಪುಯೆಬ್ಲಾ ಮತ್ತು ವೆರಾಕ್ರೂಸ್, ಗ್ರೀಸ್‌ನಲ್ಲಿ ಆರಿಸ್. ಅಮೆರಿಕದ ಲೀಗ್‌ನಲ್ಲಿ ಒಟ್ಟು 88 ಗೋಲು. ಕೊನೆಗೆ ಬಂದು ಆಟ ಮುಗಿಸಿದ್ದು ಆರಂಭಿಸಿದ ಮುನಿಸಿಪಲ್‌ನಲ್ಲೇ.

● ಅಮೆರಿಕದ ಎದುರಾಳಿ ಅಭಿಮಾನಿಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ರಕ್ಷಣಾ ಆಟಗಾರ ಸ್ವಲ್ಪ ತಾಗಿದರೂ ನೆಲಕ್ಕೆ ಬೀಳುತ್ತಾರೆ, ಫೌಲ್ ಗಿಟ್ಟಿಸಿಕೊಳ್ಳುತ್ತಾರೆ ಎಂಬ ದೂರು. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಆಟದ ಆ ಭಾಗ ಚೆಂದವೂ ಅಲ್ಲ. ಆದರೆ ಪ್ರತಿ ಪಂದ್ಯದಲ್ಲೂ ಇಬ್ಬರು ರಕ್ಷಕರು ಬೆನ್ನಿಗೆ ಅಂಟಿಕೊಂಡು ಎಳೆದಾಡುತ್ತಿದ್ದ ಆಟಗಾರ ಅವರು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು.

● ಈಗ ಆ ಐದು ವಿಶ್ವಕಪ್‌ಗಳ ಕಥೆ.

2002ರದ್ದು: ಗುಂಪಿನಲ್ಲಿ ಗ್ವಾಟೆಮಾಲಾ ಮತ್ತು ಕೋಸ್ಟರಿಕಾ ಸಮ ಸಮ. ಮುಂದಿನ ಸುತ್ತಿಗೆ ಯಾರು ಎಂದು ತೀರ್ಮಾನಿಸಲು 2001ರ ಜನವರಿ 6ರಂದು ಮಯಾಮಿಯಲ್ಲಿ ಒಂದು ಹೆಚ್ಚುವರಿ ಪಂದ್ಯ. ಕೋಸ್ಟರಿಕಾ 5–2ರಿಂದ ಗೆದ್ದಿತು, ವಿಶ್ವಕಪ್‌ಗೂ ಹೋಯಿತು.

2006ರದ್ದು: ಆರು ತಂಡಗಳ ಕೊನೆಯ ಸುತ್ತು ತಲುಪಿದರು. ಮೊದಲ ಮೂರು ತಂಡ ನೇರವಾಗಿ ವಿಶ್ವಕಪ್‌ಗೆ, ನಾಲ್ಕನೆಯದಕ್ಕೆ ಬಹರೇನ್ ವಿರುದ್ಧ ಪ್ಲೇಆಫ್. 2005ರ ಅಕ್ಟೋಬರ್ 12, ಕೊನೆಯ ದಿನ. ಗ್ವಾಟೆಮಾಲಾ ಗೆಲ್ಲಬೇಕು, ಟ್ರಿನಿಡಾಡ್ ಗೆಲ್ಲಬಾರದು. ಗ್ವಾಟೆಮಾಲಾ ತನ್ನ ಕೆಲಸ ಮುಗಿಸಿತು, ಕೋಸ್ಟರಿಕಾವನ್ನು 3–1ರಿಂದ ಸೋಲಿಸಿತು. ಅತ್ತ ಮೆಕ್ಸಿಕೊ ವಿರುದ್ಧ ಟ್ರಿನಿಡಾಡ್ 0–1ರಿಂದ ಹಿಂದಿತ್ತು. ಅಷ್ಟರಲ್ಲಿ ಸ್ಟರ್ನ್ ಜಾನ್ ಎರಡು ಗೋಲು ಹೊಡೆದು ಪಂದ್ಯ ತಿರುಗಿಸಿಬಿಟ್ಟರು. ಟ್ರಿನಿಡಾಡ್ 13 ಅಂಕ, ಗ್ವಾಟೆಮಾಲಾ 11. ಆ ಟ್ರಿನಿಡಾಡ್ ಬಹರೇನ್ ಅನ್ನೂ ಮಣಿಸಿ ಜರ್ಮನಿಗೆ ಹಾರಿತು.

2010ರದ್ದರಲ್ಲಿ ಹೇಳುವಂಥದ್ದೇನಿಲ್ಲ. ಅಮೆರಿಕ ಮತ್ತು ಟ್ರಿನಿಡಾಡ್‌ನ ಹಿಂದೆ ಮೂರನೆಯವರಾಗಿ ಹೊರಬಿದ್ದರು.

2014ರದ್ದೇ ಕರುಳು ಹಿಂಡುವಂಥದ್ದು. 2012ರ ಅಕ್ಟೋಬರ್ 16, ಕಾನ್ಸಾಸ್ ಸಿಟಿ, ಎದುರಿಗೆ ಅಮೆರಿಕ. ಎರಡೂ ತಂಡಕ್ಕೆ ತಲಾ ಹತ್ತು ಅಂಕ. ಡ್ರಾ ಆದರೂ ಸಾಕು, ಇಬ್ಬರೂ ಕೊನೆಯ ಸುತ್ತಿಗೆ ಪಾರು. ಐದನೇ ನಿಮಿಷದಲ್ಲೇ ರೂಯಿಸ್ ಗೋಲು! ಅಮೆರಿಕದ ಪಾಳೆಯ ಮಂಕಾಯಿತು. ಆದರೆ ಮೊದಲಾರ್ಧ ಮುಗಿಯುವಷ್ಟರಲ್ಲಿ ಅಮೆರಿಕ ಮೂರು ಗೋಲು ಹೊಡೆದಿತ್ತು – ಕಾರ್ಲೋಸ್ ಬೊಕನೆಗ್ರಾ ಒಂದು, ಕ್ಲಿಂಟ್ ಡೆಂಪ್ಸಿ ಎರಡು. ಅದೇ ಹೊತ್ತಿಗೆ ಜಮೈಕಾ ಇನ್ನೊಂದು ಮೈದಾನದಲ್ಲಿ ಆಂಟಿಗಾವನ್ನು 4–1ರಿಂದ ಸೋಲಿಸಿ ಹತ್ತು ಅಂಕ ಮುಟ್ಟಿತು. ಅಂಕ ಸಮ. ಗೋಲು ಅಂತರದಲ್ಲಿ ಜಮೈಕಾ ಮುಂದೆ, ಗ್ವಾಟೆಮಾಲಾ ಹೊರಗೆ.

2018ರದ್ದು: ಟ್ರಿನಿಡಾಡ್ 11, ಗ್ವಾಟೆಮಾಲಾ 10. ಒಂದೇ ಒಂದು ಅಂಕದಿಂದ ಕೊನೆಯ ಸುತ್ತು ತಪ್ಪಿತು. ತವರಿನ ಮೊದಲ ಪಂದ್ಯದಲ್ಲೇ ಟ್ರಿನಿಡಾಡ್‌ಗೆ 1–2ರಿಂದ ಸೋತಿದ್ದರ ಫಲ.

● ಕಾನ್ಸಾಸ್ ಸಿಟಿಯ ಆ ಸೋಲಿಗೆ ಕೆಲವೇ ವಾರ ಮೊದಲು ಗ್ವಾಟೆಮಾಲಾ ಫುಟ್‌ಬಾಲ್‌ಗೆ ಇನ್ನೊಂದು ಪೆಟ್ಟು ಬಿದ್ದಿತ್ತು. ಹಣ ಪಡೆದು ಪಂದ್ಯ ಕೈಚೆಲ್ಲುವ ದಂಧೆಯಲ್ಲಿ ತೊಡಗಿದ ಆರೋಪದ ಮೇಲೆ ರಾಷ್ಟ್ರೀಯ ತಂಡದ ಮೂವರು ಆಟಗಾರರಿಗೆ ಅಲ್ಲಿನ ಫೆಡರೇಷನ್ ಆಜೀವ ನಿಷೇಧ ಹೇರಿತು. ತಂಡದ ಒಳಗಿನಿಂದಲೇ ಈ ಬಗ್ಗೆ ದನಿ ಎತ್ತಿದವರಲ್ಲಿ ರೂಯಿಸ್ ಕೂಡ ಒಬ್ಬರು. ಜೊತೆಗೆ ಉಂಡು ಆಡಿದವರ ವಿರುದ್ಧ ಬಾಯಿ ತೆರೆಯುವುದು ಸಣ್ಣ ಧೈರ್ಯವಲ್ಲ. ಅವರ 39 ಗೋಲುಗಳಿಗಿಂತ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

● ದಾಖಲೆ ಬಂದ ರಾತ್ರಿ: 2016ರ ಸೆಪ್ಟೆಂಬರ್ 6. ಎದುರಾಳಿ ಕೆರಿಬಿಯನ್‌ನ ಪುಟ್ಟ ದ್ವೀಪದೇಶ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್. ಗ್ವಾಟೆಮಾಲಾ ಆಗಲೇ ಸ್ಪರ್ಧೆಯಿಂದ ಬಹುತೇಕ ಹೊರಬಿದ್ದಿತ್ತು. ಗೆದ್ದರೂ ಸೋತರೂ ಹೆಚ್ಚೇನೂ ಬದಲಾಗದ ಪಂದ್ಯ. ಅರ್ಹತಾ ಪಂದ್ಯಗಳ ದಾಖಲೆ ಇರಾನ್‌ನ ಅಲಿ ದಾಯಿ ಹೆಸರಿನಲ್ಲಿತ್ತು, 35 ಗೋಲು. ರೂಯಿಸ್ ಬಳಿ 34. ಗ್ವಾಟೆಮಾಲಾ 9–3ರಿಂದ ಗೆದ್ದಿತು. ಒಂಬತ್ತರಲ್ಲಿ ಐದು ರೂಯಿಸ್ ಅವರದ್ದು. ಮುಂದಿನ ವಾರ ಅವರಿಗೆ 37 ತುಂಬುವುದರಲ್ಲಿತ್ತು.

● ರಾಷ್ಟ್ರೀಯ ತಂಡದ ಪರ ಅವರ ಕೊನೆಯ ಪಂದ್ಯವೂ ಅದೇ. 18 ವರ್ಷ, 130ಕ್ಕೂ ಹೆಚ್ಚು ಪಂದ್ಯ.

● "ಸಣ್ಣಪುಟ್ಟ ದ್ವೀಪಗಳ ಮೇಲೆ ಹೊಡೆದ ಗೋಲು ತಾನೇ" ಎನ್ನುವವರಿದ್ದಾರೆ. ನಿಜ, ಆ 39ರಲ್ಲಿ ದುರ್ಬಲ ತಂಡಗಳ ಪಾಲು ದೊಡ್ಡದು. ಆದರೆ ಅರ್ಹತಾ ಸುತ್ತಿನಲ್ಲಿ ಎಲ್ಲ ಸ್ಟ್ರೈಕರ್‌ಗಳ ಲೆಕ್ಕವೂ ಹೀಗೇ ಇರುತ್ತದೆ. ರೊನಾಲ್ಡೊ ಗೋಲುಗಳಲ್ಲಿ ಲಕ್ಸೆಂಬರ್ಗ್, ಅಂಡೋರಾ, ಫೆರೋ ದ್ವೀಪಗಳು ಬರುತ್ತವೆ. ರೊನಾಲ್ಡೊಗೆ ಚೆಂಡು ಕೊಡಲು ಯುರೋಪಿನ ದೊಡ್ಡ ಕ್ಲಬ್‌ಗಳ ಮಿಡ್‌ಫೀಲ್ಡರ್‌ಗಳಿದ್ದರು. ರೂಯಿಸ್‌ಗೆ ಇದ್ದವರು ಬಹುಪಾಲು ಗ್ವಾಟೆಮಾಲಾ ಲೀಗ್‌ನ ಆಟಗಾರರು.

● ರೂಯಿಸ್ ಅವರ ಆ ಕೊನೆಯ ಪಂದ್ಯ ಮುಗಿದು ಎರಡು ತಿಂಗಳಾಗುವ ಮೊದಲೇ, 2016ರ ಅಕ್ಟೋಬರ್‌ನಲ್ಲಿ, ಫಿಫಾ ಗ್ವಾಟೆಮಾಲಾವನ್ನು ಅಮಾನತು ಮಾಡಿತು. ಭ್ರಷ್ಟಾಚಾರದ ಹಗರಣದ ನಂತರ ಫೆಡರೇಷನ್ ಸರಿಪಡಿಸಲು ಫಿಫಾ ನೇಮಿಸಿದ್ದ ಸಮಿತಿಯ ಅವಧಿ ಮುಂದುವರಿಸಲು ಅಲ್ಲಿನ ಪದಾಧಿಕಾರಿಗಳು ಒಪ್ಪದಿದ್ದುದು ಕಾರಣ. 2018ರ ಮಧ್ಯದವರೆಗೆ ತಂಡ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲೇ ಇರಲಿಲ್ಲ. ಅಧಿಕಾರಿಗಳ ಜಗಳಕ್ಕೆ ಒಂದು ತಲೆಮಾರಿನ ಆಟಗಾರರು ಎರಡು ವರ್ಷ ಕಳೆದುಕೊಂಡರು. ಇದೇ ಬಗೆಯ ಅಮಾನತನ್ನು 2022ರಲ್ಲಿ ಸ್ವಲ್ಪ ದಿನ ಭಾರತವೂ ಅನುಭವಿಸಿದ್ದರಿಂದ ಇದರ ಬಿಸಿ ನಮಗೂ ಗೊತ್ತು.

● ವಿಶ್ವಕಪ್ ಆಡದ ದೊಡ್ಡ ಗೋಲುಗಾರ ನಮ್ಮಲ್ಲೂ ಇದ್ದಾರೆ. ದೇಶದ ಪರ 90ಕ್ಕೂ ಹೆಚ್ಚು ಗೋಲು ಹೊಡೆದ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ 2010ರಲ್ಲಿ ಅದೇ ಅಮೆರಿಕದ ಲೀಗ್‌ಗೆ, ಅದೇ ಕಾನ್ಸಾಸ್ ಸಿಟಿಯ ತಂಡಕ್ಕೆ ಸೇರಿದ್ದರು.

● ಮಧ್ಯ ಅಮೆರಿಕದ ಏಳು ದೇಶಗಳಲ್ಲಿ ಎಲ್ ಸಾಲ್ವಡಾರ್, ಹೊಂಡುರಾಸ್, ಕೋಸ್ಟರಿಕಾ, ಪನಾಮ ವಿಶ್ವಕಪ್ ಆಡಿವೆ. ಬೆಲೀಜ್, ನಿಕರಾಗುವಾ, ಗ್ವಾಟೆಮಾಲಾ ಆಡಿಲ್ಲ. ಗ್ವಾಟೆಮಾಲಾ 1967ರಲ್ಲಿ ತನ್ನ ವಲಯದ ಚಾಂಪಿಯನ್ ಆಗಿತ್ತು, ಮೂರು ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಆಡಿದೆ ಎಂಬುದನ್ನು ನೆನೆದರೆ ಈ ಬರ ಇನ್ನಷ್ಟು ಬೇಸರ ತರಿಸುತ್ತದೆ.

● ರೊನಾಲ್ಡೊ 2025ರ ಸೆಪ್ಟೆಂಬರ್‌ನಲ್ಲಿ ಹಂಗೆರಿ ವಿರುದ್ಧ ಹೊಡೆದ ಗೋಲಿನಿಂದ ರೂಯಿಸ್‌ರನ್ನು ಸರಿಗಟ್ಟಿದರು. ಅಕ್ಟೋಬರ್ 14ರಂದು ಅದೇ ಹಂಗೆರಿ ವಿರುದ್ಧ ಎರಡು ಹೊಡೆದು 41ಕ್ಕೆ ಮುಟ್ಟಿದರು. ಆಗ ರೊನಾಲ್ಡೊಗೆ 40 ವರ್ಷ. ಮೆಸ್ಸಿ ಆ ಹೊತ್ತಿಗೆ 36ರಲ್ಲಿದ್ದರು, ಅದೂ 70ಕ್ಕೂ ಹೆಚ್ಚು ಪಂದ್ಯಗಳಲ್ಲಿ. ಪಂದ್ಯಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ 47ರಲ್ಲಿ 39 ಯಾರ ಎದುರೂ ತಲೆತಗ್ಗಿಸುವ ಸಂಖ್ಯೆಯಲ್ಲ.

● 2026ರ ವಿಶ್ವಕಪ್‌ಗೆ ವಲಯದ ಮೂರು ದೊಡ್ಡ ತಂಡಗಳಾದ ಅಮೆರಿಕ, ಮೆಕ್ಸಿಕೊ, ಕೆನಡಾ ಆತಿಥೇಯರಾಗಿ ನೇರ ಪ್ರವೇಶ ಪಡೆದಿದ್ದರಿಂದ ಉಳಿದವರಿಗೆ ದಾರಿ ಸಲೀಸಾಗಿತ್ತು. ಗ್ವಾಟೆಮಾಲಾ ಆಗಲೂ ಅವಕಾಶ ತಪ್ಪಿಸಿಕೊಂಡಿತು. ಅವರ ಗುಂಪಿನಿಂದ ಹೋದದ್ದು ಪನಾಮ.

● ಅಮೆರಿಕ ವಿರುದ್ಧ ಗ್ವಾಟೆಮಾಲಾ 1988ರ ನಂತರ ಗೆದ್ದೇ ಇರಲಿಲ್ಲ. ಮತ್ತೆ ಗೆಲುವು ಬಂದದ್ದು 2016ರ ಮಾರ್ಚ್ 25ರಂದು. ಅಂದು ಶುಭ ಶುಕ್ರವಾರ. ಆ ದೇಶದ ಬೀದಿಗಳಲ್ಲಿ ಬಣ್ಣದ ಪುಡಿಯ ರಂಗೋಲಿಗಳ ಮೇಲೆ ಯೇಸುವಿನ ಮೆರವಣಿಗೆ ಸಾಗುವ ದಿನ. ಸಂಜೆ ರಾಷ್ಟ್ರೀಯ ಕ್ರೀಡಾಂಗಣ ಭರ್ತಿ. ಏಳನೇ ನಿಮಿಷದಲ್ಲಿ ರಫಾಯೆಲ್ ಮೊರಾಲೆಸ್ ಮೊದಲ ಗೋಲು ಹೊಡೆದರು. ಹದಿನೈದನೇ ನಿಮಿಷದಲ್ಲಿ ಗ್ವಾಟೆಮಾಲಾದ ಗೋಲ್‌ಕೀಪರ್ ಪಾವ್ಲೊ ಮೊಟ್ಟಾ ಉದ್ದಕ್ಕೆ ಒದ್ದ ಚೆಂಡು ಅಮೆರಿಕದ ರಕ್ಷಕರ ತಲೆ ದಾಟಿತು. ಅವರ ಹಿಂದಿನಿಂದ ಓಡಿ ಬಂದ 36ರ ಹರೆಯದ ರೂಯಿಸ್ ಚೆಂಡನ್ನು ಹಿಡಿತಕ್ಕೆ ತಂದು, ಎದುರು ನಿಂತಿದ್ದ ಗೋಲ್‌ಕೀಪರ್ ಟಿಮ್ ಹೊವಾರ್ಡ್‌ರನ್ನು ವಂಚಿಸಿ ಬಲೆಗೆ ಸೇರಿಸಿದರು. 2–0. ಆ ಅಂತರ ಕೊನೆಯವರೆಗೂ ಹಾಗೇ ಉಳಿಯಿತು. ಯೂಟ್ಯೂಬ್‌ನಲ್ಲಿ ಸಿಗುತ್ತದೆ, ಬಿಡುವಾದಾಗ ಹುಡುಕಿ ನೋಡಿ.

● ದೇಶದ ಪರ ಕಾರ್ಲೋಸ್ ರೂಯಿಸ್ ಒಟ್ಟು ಹೊಡೆದದ್ದು 68 ಗೋಲು. ಗ್ವಾಟೆಮಾಲಾದಲ್ಲಿ ಆ ದಾಖಲೆಯನ್ನು ಯಾರೂ ಮುರಿದಿಲ್ಲ.